ಉಳಿಯನ್ನು ಎಲ್ಲಿ ನಿಲ್ಲಿಸಬೇಕು?

ಪರೀಕ್ಷೆಗೆ ಓದುತ್ತಿದ್ದ ನೆರೆಮನೆಯ ಹುಡುಗನೊಬ್ಬ ಒಂದು ಸಂಜೆ ಬಂದು, ‘ರಫ್-ಹ್ಯೂನ್’ ಎಂಬ ಇಂಗ್ಲಿಷ್ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಕೇಳಿದ. ‘ಒರಟಾಗಿ ಕೆತ್ತಿದ್ದು’ ಎಂದು ಹೇಳಿ ಕಳಿಸಿಕೊಟ್ಟೆ. ಹುಡುಗ ಹೋದ, ಪದ ಮಾತ್ರ ಹೋಗಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗಲೂ ಅದು ಎದುರಿಗೆ ಬಂದು ಕುಳಿತಂತಿತ್ತು. ನಾನು ಕೊಟ್ಟ ಅರ್ಥ ತಪ್ಪಾಗಿರಲಿಲ್ಲ, ಆದರೆ ಸಾಲದಾಗಿತ್ತು. ‘ಒರಟು’ ಎಂದ ಕೂಡಲೆ ನಮ್ಮ ಕಿವಿಗೆ ಬೈಗುಳವೇ ಕೇಳಿಸುತ್ತದೆ. ಇಂಗ್ಲಿಷಿನವರು ಆ ಪದವನ್ನು ಬೈಗುಳಕ್ಕೆಂದು ಕಟ್ಟಿದವರಲ್ಲ. ಕೆಲಸದ ಒಂದು ಹಂತಕ್ಕೆ ಅವರು ಇಟ್ಟ ಹೆಸರು ಅದು.

ಪದವನ್ನು ಸ್ವಲ್ಪ ಬಿಡಿಸಿ ನೋಡೋಣ. ‘ಹ್ಯೂ’ ಎಂದರೆ ಕೊಡಲಿಯಿಂದಲೋ ಕತ್ತಿಯಿಂದಲೋ ಕಡಿಯುವುದು. ಹಳೆಯ ಇಂಗ್ಲಿಷಿನಿಂದ ಬಂದ ಮಾತು. ‘ಹ್ಯೂನ್’ ಎಂದರೆ ಹಾಗೆ ಕಡಿದದ್ದು, ಕೆತ್ತಿದ್ದು. ಅದರ ಹಿಂದೆ ‘ರಫ್’ ಸೇರಿಕೊಂಡ ಜೋಡಿಪದ 16ನೆಯ ಶತಮಾನದಿಂದ ಬಳಕೆಯಲ್ಲಿದೆ. ಮೊದಲು ಮರಕ್ಕೆ, ಕಲ್ಲಿಗೆ ಹೇಳುತ್ತಿದ್ದುದು ಬರಬರುತ್ತ ಮನುಷ್ಯರಿಗೂ ಅಂಟಿತು. ನಯನಾಜೂಕು ಕಲಿಯದವನು, ನೇರ ಮಾತಿನವನು, ಮುಖದಲ್ಲಿ ಗಟ್ಟಿ ಗೆರೆಗಳಿರುವವನು, ಇವರೆಲ್ಲ ಆ ಪದದ ಕೆಳಗೆ ಬಂದರು. ಮರದ ದಿಮ್ಮಿಗಳ ಗುಡಿಸಿಲಲ್ಲಿ ಹುಟ್ಟಿ, ಬೇಲಿಗೆ ಮರ ಸೀಳುತ್ತಿದ್ದವನೆಂದೇ 1860ರ ಚುನಾವಣೆಯಲ್ಲಿ ಹೆಸರಾದ ಅಬ್ರಹಾಂ ಲಿಂಕನ್ನನಿಗೆ ಈ ವಿಶೇಷಣ ಹೊಂದುವಷ್ಟು ಇನ್ನಾರಿಗೂ ಹೊಂದಲಾರದು. ಅಲ್ಲಿ ಅದು ನಿಂದೆಯಲ್ಲ, ಮೆಚ್ಚುಗೆ.

ನಾವು ಮರೆಯಬಾರದ ಸಂಗತಿಯೊಂದಿದೆ. ಈ ಪದಕ್ಕೆ ‘ಕೆತ್ತದೆ ಬಿಟ್ಟದ್ದು’ ಎಂಬ ಅರ್ಥವಿಲ್ಲ. ಕೆತ್ತದ್ದಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ಮಾತಿದೆ. ಇದರಲ್ಲಿ ಕೈ ಆಡಿದೆ, ಉಳಿ ಬಿದ್ದಿದೆ, ಏನು ಮಾಡಬೇಕೆಂಬ ಎಣಿಕೆಯೂ ಇದೆ. ಕೊನೆಯ ನುಣುಪು ಮಾತ್ರ ಬಂದಿಲ್ಲ. ನಮ್ಮ ಕಟ್ಟಡದ ಕೆಲಸದವರು ಈ ಭೇದವನ್ನು ಚೆನ್ನಾಗಿ ಬಲ್ಲರು. ಅವರಿಗೆ ಕಾಡುಗಲ್ಲು ಬೇರೆ, ಸೈಜುಗಲ್ಲು ಬೇರೆ. ಕಾಡುಗಲ್ಲು ಬಂಡೆಯಿಂದ ಒಡೆದು ಬಂದಂತೆ ಇರುವುದು. ಸೈಜುಗಲ್ಲು ಸುತ್ತಿಗೆ ಚಾಣಗಳ ಪೆಟ್ಟು ತಿಂದು, ಒಂದರ ಮೇಲೊಂದು ಕೂಡುವಷ್ಟು ಮಟ್ಟಸವಾಗಿರುವುದು. ಮುಟ್ಟಿದರೆ ದೊರಗು, ಆದರೆ ಮನೆಯ ಅಡಿಪಾಯ ನಿಲ್ಲುವುದು ಅದರ ಮೇಲೆ. ಬಡಗಿಯ ಲೆಕ್ಕವೂ ಹೀಗೆಯೇ. ಸಾ ಮಿಲ್ಲಿನಿಂದ ಬಂದ ಹಲಗೆಗೆ ಇನ್ನೂ ಕೀಸುಳಿ, ಅಂದರೆ ಇಲ್ಲಿಯವರ ರಂಧಾ, ಹಾಕಿರುವುದಿಲ್ಲ. ಹಸಿ ಮರ ಒಣಗುತ್ತ ಕುಗ್ಗುತ್ತದೆಂದು ತಿಳಿದೇ ಅಲ್ಲಿ ತುಸು ದಪ್ಪವಾಗಿ ಕೊಯ್ದಿರುತ್ತಾರೆ. ಆ ಹೆಚ್ಚಿನ ದಪ್ಪ ಅಜ್ಞಾನವಲ್ಲ, ಮುಂದಾಲೋಚನೆ. ಇಂದೇ ನುಣ್ಣಗೆ ಮಾಡಿದರೆ ನಾಳೆ ಒಣಗಿದಾಗ ಬಾಗಿಲು ಚೌಕಟ್ಟಿಗೆ ಸಾಲದೆ ಹೋದೀತು.

ಇದೇ ಪದವನ್ನು ಷೇಕ್ಸ್‌ಪಿಯರ್ ತನ್ನ ‘ಹ್ಯಾಮ್ಲೆಟ್’ ನಾಟಕದ ಕೊನೆಯ ಅಂಕದಲ್ಲಿ ಕ್ರಿಯಾಪದವಾಗಿ ಬಳಸಿದ್ದಾನೆ. ನಾವು ನಮ್ಮ ಕೆಲಸಗಳನ್ನು ಹೇಗೆ ಬೇಕಾದರೂ ದೊರಗಾಗಿ ಕೆತ್ತಿಕೊಂಡಿರಬಹುದು, ಅವುಗಳ ಕೊನೆಯನ್ನು ತಿದ್ದುವ ದೈವವೊಂದು ಬೇರೆ ಇದೆ ಎಂಬುದು ಅಲ್ಲಿಯ ಭಾವ. ನಮ್ಮ ಹಿರಿಯರು ‘ನಾವೊಂದು ಬಗೆದರೆ ದೈವವೊಂದು ಬಗೆಯಿತು’ ಎನ್ನುತ್ತಿದ್ದರಲ್ಲ, ಅದಕ್ಕೆ ಹತ್ತಿರದ್ದು. ಈ ಮಾತಿಗೆ 18ನೆಯ ಶತಮಾನದ ಸಂಪಾದಕ ಸ್ಟೀವನ್ಸ್ ಒಂದು ತಮಾಷೆಯ ಟಿಪ್ಪಣಿ ಬರೆದಿದ್ದಾನೆ. ಅವನ ಮಿತ್ರ ಡಾಕ್ಟರ್ ಫಾರ್ಮರ್‌ಗೆ ಮರದ ಕಡ್ಡಿಗಳನ್ನು ಮಾಡಿ ಮಾರುವ ವ್ಯಾಪಾರಿಯೊಬ್ಬನ ಪರಿಚಯವಿತ್ತಂತೆ. ವ್ಯಾಪಾರಿಗೆ ಒಬ್ಬ ಸೋಮಾರಿ ಸೋದರಳಿಯ. ಆ ಹುಡುಗನಿಗೆ ಕಡ್ಡಿಗಳನ್ನು ದೊರಗಾಗಿ ಕೆತ್ತುವುದಷ್ಟೇ ಬರುತ್ತಿತ್ತು. ತುದಿಗಳನ್ನು ಚೂಪು ಮಾಡುವ ಕೆಲಸ ಮಾವನ ಪಾಲಿಗೆ ಬೀಳುತ್ತಿತ್ತು. ಮಹಾಕವಿಯ ಗಹನವಾದ ಮಾತಿನ ಬುಡದಲ್ಲಿ ಒಂದು ಅಂಗಡಿಯ ಕೆಲಸದ ಮಾತು ಇರಬಹುದೆಂಬುದು ಆ ಪಂಡಿತರ ಊಹೆ. ಊಹೆ ನಿಜವೋ ಅಲ್ಲವೋ, ಅದರಲ್ಲಿ ಒಂದು ತಿಳಿವಳಿಕೆ ಇದೆ. ದೊರಗು ಕೆತ್ತುವವನು ಒಬ್ಬ, ತುದಿ ತಿದ್ದುವವನು ಇನ್ನೊಬ್ಬ. ಒಂದೇ ಕೈ ಎರಡನ್ನೂ ಮಾಡಲೇಬೇಕೆಂಬ ನಿಯಮವಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಪದದ ನಿಜವಾದ ಅರ್ಥ ನನಗೆ ಹತ್ತಿದ್ದು ನಿಘಂಟಿನಲ್ಲಲ್ಲ, ನಮ್ಮ ಜಂಗಲಿ ಮಹಾರಾಜ ರಸ್ತೆಯಲ್ಲಿ.

ಆ ರಸ್ತೆಯ ಗದ್ದಲದ ನಡುವೆ, ನೆಲದಿಂದ ಕೆಲವು ಮೆಟ್ಟಿಲು ಕೆಳಗೆ ಇಳಿದರೆ ಪಾತಾಳೇಶ್ವರ ಇದೆ. ಪುಣೆಗೆ ಬಂದ ನೆಂಟರನ್ನು ನಾವು ಶನಿವಾರವಾಡೆಗೆ, ಸಿಂಹಗಡಕ್ಕೆ ಕರೆದೊಯ್ಯುತ್ತೇವೆ. ಇಲ್ಲಿಗೆ ಕರೆತರುವವರು ಕಡಿಮೆ. ಅದು ಕಟ್ಟಿದ ಗುಡಿಯಲ್ಲ, ಕಪ್ಪು ಬಂಡೆಯನ್ನು ಕೊರೆದು ಮಾಡಿದ ಗುಡಿ. 8ನೆಯ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ವೇರೂಳಿನ, ಅಂದರೆ ಎಲ್ಲೋರದ, ಕೈಲಾಸನಾಥ ದೇವಾಲಯವನ್ನು ಮಾಡಿಸಿದ ಒಂದನೆಯ ಕೃಷ್ಣನ ವಂಶದವರು ಅವರು. ಮುಂದೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದಿಂದ ರಾಜ್ಯವಾಳಿದವರೂ ಅವರೇ. ಅಂಗಳದಲ್ಲಿ ದುಂಡನೆಯ ನಂದಿಮಂಟಪ, ಕೊಡೆಯ ಹಾಗೆ ಚಪ್ಪಟೆಯಾದ ಅದರ ಚಾವಣಿ. ಒಳಗೆ ದಪ್ಪ ದಪ್ಪ ಚೌಕು ಕಂಬಗಳು. ಕೈಲಾಸದಲ್ಲಿ ಕಾಣುವ ಅಲಂಕಾರ ಇಲ್ಲಿಲ್ಲ. ಕಂಬಗಳು ಬೋಳು; ಗೋಡೆಗಳ ಮೇಲೆ ಚಾಣದ ಗೀರುಗಳು ಹಾಗೇ ಉಳಿದಿವೆ. ಹಿಂದಿನ ಬಂಡೆಯಲ್ಲಿ ಬಿರುಕು ಕಂಡಿತು, ಆದ್ದರಿಂದ ಕೆಲಸ ನಿಂತಿತು ಎನ್ನುತ್ತಾರೆ. ಕಾರಣ ಏನೇ ಇರಲಿ, ಗುಡಿ ಪೂರ್ತಿಯಾಗಲಿಲ್ಲ. ಆದರೂ ಇಂದಿಗೂ ಅಲ್ಲಿ ಶಿವನಿಗೆ ಪೂಜೆ ನಡೆಯುತ್ತದೆ, ಭಕ್ತರು ಬಂದು ಕಣ್ಣು ಮುಚ್ಚಿ ಕೂಡುತ್ತಾರೆ. ಪೂರ್ತಿಯಾಗಿಲ್ಲವೆಂದು ಯಾರೂ ನಮಸ್ಕಾರವನ್ನು ಅರ್ಧಕ್ಕೆ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಒಂದು ಭಾನುವಾರ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೊಮ್ಮಗಳು ಒಂಬತ್ತು ವರ್ಷದವಳು, ಇಲ್ಲೇ ಹುಟ್ಟಿ ಬೆಳೆದವಳು. ಕಂಬವೊಂದರ ಮೇಲೆ ಕೈಯಾಡಿಸುತ್ತ ನಿಂತವಳು ಕೇಳಿದಳು: “ಅಜ್ಜಾ, ಈ ಗುಡಿ ಅರ್ಧವಟ ಯಾಕ ಬಿಟ್ಟಾರ?”

ನಾನು ತಟ್ಟನೆ ಹೇಳಿದೆ: “ಅರ್ಧವಟ ಅಲ್ಲವಾ, ಅದು ಮರಾಠಿ. ಅರ್ಧಂಬರ್ಧ ಅನಬೇಕು.”

ಅವಳು “ಹೂಂ” ಎಂದಳು. ಮತ್ತೆ ಏನೂ ಕೇಳಲಿಲ್ಲ. ಮನೆ ಮುಟ್ಟುವವರೆಗೆ ತಮ್ಮನ ಸಂಗಡ ಮರಾಠಿಯಲ್ಲೇ ಹರಟುತ್ತ ಬಂದಳು. ರಿಕ್ಷಾದಲ್ಲಿ ಅವರ ಪಕ್ಕ ಕುಳಿತ ನನಗೆ ಆಗ ಹೊಳೆಯಿತು: ಮಗು ಕೇಳಿದ್ದ ಪ್ರಶ್ನೆಗೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಅವಳ ಒಂದು ಪದವನ್ನು ತಿದ್ದಿದ್ದೆ, ಅಷ್ಟೆ. ಹನ್ನೆರಡು ಶತಮಾನಗಳ ಹಿಂದಿನ ಕಲ್ಲುಕುಟಿಗನೊಡನೆ ಮಾತಿಗೆ ನಿಂತಿದ್ದ ಮಗುವನ್ನು ನಾನು ವ್ಯಾಕರಣದ ಕಟಕಟೆಗೆ ಎಳೆದು ತಂದಿದ್ದೆ. ಅವಳು ಆ ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ. ಒಂದು ಪದ ಬಿಟ್ಟರೆ ಉಳಿದದ್ದೆಲ್ಲ ಅಪ್ಪಟ ಧಾರವಾಡದ ಕನ್ನಡ. ನನ್ನ ಕಣ್ಣಿಗೆ ಬಿದ್ದದ್ದು ಆ ಒಂದೇ ಪದ.

ಆ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಇದು. ಕೆತ್ತುವುದು ಹಿರಿಯರ ಧರ್ಮವೆಂಬುದು ಸರಿ. ಆದರೆ ಎಷ್ಟು ಕೆತ್ತಬೇಕು? ಉಳಿಯನ್ನು ಎಲ್ಲಿ ನಿಲ್ಲಿಸಬೇಕು?

ಇಲ್ಲಿ ಮರಾಠಿಯಲ್ಲೊಂದು ಗಾದೆ ಇದೆ, ನೀವೆಲ್ಲ ಕೇಳಿರುತ್ತೀರಿ: ‘ಟಾಕೀಚೆ ಘಾವ ಸೋಸಲ್ಯಾಶಿವಾಯ ದೇವಪಣ ಯೇತ ನಾಹೀ.’ ಚಾಣದ ಪೆಟ್ಟು ಸಹಿಸದೆ ಕಲ್ಲಿಗೆ ದೇವತ್ವ ಬಾರದು. ನಮ್ಮಲ್ಲಿಯೂ ಶಾಲೆಯ ಸಮಾರಂಭಗಳಲ್ಲಿ ಅತಿಥಿಗಳು ತಪ್ಪದೆ ಹೇಳುವ ಕತೆಯೊಂದಿದೆ. ಒಂದೇ ಬಂಡೆಯ ಎರಡು ಕಲ್ಲುಗಳು. ಪೆಟ್ಟು ತಾಳಿದ್ದು ಗರ್ಭಗುಡಿಯ ಮೂರ್ತಿಯಾಯಿತು, ತಾಳದ್ದು ಬಾಗಿಲ ಮೆಟ್ಟಿಲಾಗಿ ಎಲ್ಲರಿಂದ ತುಳಿಸಿಕೊಂಡಿತು. ಚಿಕ್ಕಂದಿನಲ್ಲಿ ಈ ಕತೆ ಕೇಳಿ ನಾನೂ ಚಪ್ಪಾಳೆ ತಟ್ಟಿದ್ದೇನೆ. ಈಗ ಅನುಮಾನ ಬರುತ್ತದೆ. ಮೆಟ್ಟಿಲಿಗೇನು ಪೆಟ್ಟು ಬೀಳುವುದಿಲ್ಲವೆ? ನಾಲ್ಕು ಮುಖ ಮಟ್ಟಸವಾಗದ ಕಲ್ಲು ಮೆಟ್ಟಿಲೂ ಆಗಲಾರದು. ಅದಕ್ಕೆ ಬೇಕಾದಷ್ಟು ಪೆಟ್ಟು ಅದು ತಿಂದಿದೆ. ಅದನ್ನು ಹತ್ತದೆ ಮೂರ್ತಿಯ ಬಳಿಗೆ ಹೋಗುವ ದಾರಿಯೂ ಇಲ್ಲ. ಕಲ್ಲಿಗೆ ತಕ್ಕ ಕೆತ್ತನೆಯೇ ಹೊರತು ಎಲ್ಲ ಕಲ್ಲಿಗೂ ಒಂದೇ ಕೆತ್ತನೆಯಲ್ಲ.

ಇನ್ನು ದೇವತ್ವದ ಮಾತು. ಪುಣೆಯ ಗ್ರಾಮದೇವತೆಯಾದ ಕಸಬಾ ಗಣಪತಿ ಸೊಂಡಿಲು, ಕೈಕಾಲು ಬಿಡಿಸಿ ಕೆತ್ತಿದ ವಿಗ್ರಹವಲ್ಲ. ಸಿಂಧೂರ ಲೇಪಿಸಿದ ಸ್ವಯಂಭೂ ಮೂರ್ತಿ ಎಂದು ಭಕ್ತರ ನಂಬಿಕೆ. ಹಬ್ಬದ ಕೊನೆಯ ದಿನದ ಮೆರವಣಿಗೆಯಲ್ಲಿ ಮೊದಲ ಮಾನ ಕಸಬಾದ ಗಣಪತಿಗೇ. ನಮ್ಮ ಹಳ್ಳಿಗಳ ಹೊರಗೆ ಬೇವಿನ ಮರದ ಬುಡದಲ್ಲಿ ಕುಳಿತ ದೇವತೆಗಳನ್ನು ನೆನೆಯಿರಿ. ಎಷ್ಟೋ ಕಡೆ ಒಂದು ದುಂಡುಕಲ್ಲು, ಅದಕ್ಕೆ ಅರಿಸಿನ ಕುಂಕುಮ. ಹಾಗಾದರೆ ದೇವತ್ವ ಚಾಣದಿಂದ ಬಂತೋ, ಅದರ ಮುಂದೆ ಬಾಗಿದ ತಲೆಗಳಿಂದ ಬಂತೋ? ಗಾದೆ ಸುಳ್ಳೆನ್ನುತ್ತಿಲ್ಲ. ಗಾದೆ ಅರ್ಧ ಸತ್ಯ. ಆ ಅರ್ಧವನ್ನು ನಾವು ಪೂರ್ತಿಯೆಂದು ತಿಳಿದುಕೊಂಡಿದ್ದೇವೆ.

ಪೂರ್ತಿಯಾಗದ್ದನ್ನು ಗೌರವಿಸುವುದಕ್ಕೆ ನಮ್ಮ ನಾಡಿನಲ್ಲಿ ಉದಾಹರಣೆಗಳು ಬೇಕಾದಷ್ಟಿವೆ. ಐಹೊಳೆಯ ಮೇಗುತಿ ಗುಡಿ ಕೆಲಸ ಮುಗಿಯದೆ ನಿಂತದ್ದು. ಆದರೆ ಇಮ್ಮಡಿ ಪುಲಕೇಶಿಯನ್ನು ಕುರಿತು ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನ ಅದರ ಗೋಡೆಯ ಮೇಲಿದೆ. ಆ ಶಾಸನವನ್ನು ಬಿಟ್ಟು ಚಾಲುಕ್ಯರ ಚರಿತ್ರೆಯನ್ನು ಬರೆಯುವುದು ಸಾಧ್ಯವಿಲ್ಲ. ದೂರದ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮೈಕೆಲಾಂಜೆಲೊ ಅರ್ಧಕ್ಕೆ ಬಿಟ್ಟ ‘ಸೆರೆಯಾಳು’ಗಳ ಅಮೃತಶಿಲೆಯ ಪ್ರತಿಮೆಗಳಿವೆ. ದೇಹ ಕಲ್ಲಿನಿಂದ ಹೊರಬರಲು ಹೆಣಗುತ್ತಿರುವಂತೆ ಕಾಣುವ ಅವುಗಳ ಮುಂದೆಯೂ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ.

ಇಷ್ಟು ಹೇಳಿದೊಡನೆ ಇನ್ನೊಂದು ಬದಿಯಿಂದ ಅಪಾಯ ಬರುತ್ತದೆ. ‘ನಾನು ಸ್ವಲ್ಪ ಒರಟ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ’ ಎಂದು ಹೇಳಿಕೊಂಡು ಕಂಡವರ ಮನಸ್ಸು ನೋಯಿಸುವ ಮಹನೀಯರು ಪ್ರತಿ ಕುಟುಂಬದಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಸಭೆಗಳಲ್ಲಿಯೂ ಇಲ್ಲದಿಲ್ಲ. ಅವರು ತಮ್ಮನ್ನು ಈ ಇಂಗ್ಲಿಷ್ ಪದದ ನೆರಳಿನಲ್ಲಿ ನಿಲ್ಲಿಸಿಕೊಳ್ಳುವುದು ನ್ಯಾಯವಲ್ಲ. ದೊರಗು ಕೆತ್ತನೆಯ ಕಲ್ಲು ಪೆಟ್ಟು ತಿಂದ ಕಲ್ಲು. ಪಕ್ಕದ ಕಲ್ಲಿಗೆ ಹೊಂದಿಕೊಂಡು ಕೂಡಲು ಒಪ್ಪಿದ ಕಲ್ಲು. ಒಂದು ಪೆಟ್ಟಿಗೂ ಮೈಕೊಡದೆ, ‘ನಾನಿರುವುದೇ ಹೀಗೆ’ ಎನ್ನುವವರು ಕಾಡುಗಲ್ಲು. ಅಂಬಿಗರ ಚೌಡಯ್ಯನ ವಚನಗಳು ಎಷ್ಟು ನಿಷ್ಠುರವೆಂಬುದು ಎಲ್ಲರಿಗೂ ಗೊತ್ತು. ಆದರೆ ಆ ನಿಷ್ಠುರದ ಹಿಂದೆ ಒಂದು ಸಾಧನೆ ಇದೆ. ಅದಿಲ್ಲದೆ ಮಾತು ಮಾತ್ರ ಕಠಿಣವಾದರೆ ಅದು ಬರಿಯ ಬೈಗುಳ. ಹಾಗೆಯೇ, ಹೊಸ ಹೋಟೆಲುಗಳ ಗೋಡೆಗೆ ಬೇಕೆಂದೇ ಕಚ್ಚು ಹೊಡೆದು ಹಳ್ಳಿಯ ಚೆಂದ ತಂದೆವೆಂದುಕೊಳ್ಳುವುದೂ ಬೇರೆ ಬಗೆಯ ನುಣುಪೇ ಸರಿ.

ಈಗ ನಮ್ಮ ಮಕ್ಕಳ ಕನ್ನಡಕ್ಕೆ ಬರೋಣ. ಹೊರನಾಡಿನ ನಮ್ಮ ಮನೆಗಳಲ್ಲಿ ಎರಡು ಬಗೆಯ ತಂದೆತಾಯಿಗಳನ್ನು ಕಾಣುತ್ತೇನೆ. ಕೆಲವರು ಉಳಿಯನ್ನು ಕೈಗೇ ಎತ್ತಿಕೊಳ್ಳುವುದಿಲ್ಲ. ‘ಇಲ್ಲಿ ಅದರಿಂದೇನು ಉಪಯೋಗ, ಬೇಕಾದರೆ ದೊಡ್ಡವರಾದ ಮೇಲೆ ಕಲಿತುಕೊಂಡಾರು’ ಎಂದು ಬಿಟ್ಟುಬಿಡುತ್ತಾರೆ. ಆ ಕಲ್ಲು ಬಂಡೆಯಲ್ಲೇ ಉಳಿಯುತ್ತದೆ. ಇನ್ನು ಕೆಲವರು, ನಾನೂ ಆ ಪೈಕಿಯವನೇ, ಮಗು ಬಾಯಿ ತೆರೆದರೆ ಸಾಕು, ಅಲ್ಲಿ ‘ಳ’ಕಾರ ತಪ್ಪಿತು, ಇಲ್ಲಿ ಮಹಾಪ್ರಾಣ ಬಿತ್ತು, ಅದು ಮರಾಠಿ, ಇದು ಹಿಂದಿ ಎಂದು ಕುಟ್ಟತೊಡಗುತ್ತೇವೆ. ಪರಿಣಾಮ ಮಾತ್ರ ಎರಡರದ್ದೂ ಒಂದೇ: ಮಗು ಕನ್ನಡ ಆಡುವುದನ್ನು ಬಿಡುತ್ತದೆ. ಮೊದಲನೆಯ ಮಗುವಿಗೆ ಕನ್ನಡ ಬಾರದು. ಎರಡನೆಯದಕ್ಕೆ ಬಂದರೂ ಬೇಡ.

ಶಿಲ್ಪಿಯ ಕ್ರಮ ನೋಡಿದರೆ ನಮ್ಮ ತಪ್ಪು ತಿಳಿಯುತ್ತದೆ. ಅವನು ಮೊದಲು ಮೂರ್ತಿಯ ಒಟ್ಟು ಆಕಾರವನ್ನು ದೊರಗಾಗಿ ಬಿಡಿಸಿಕೊಳ್ಳುತ್ತಾನೆ. ತಲೆ ಇಲ್ಲಿ, ಭುಜ ಇಲ್ಲಿ, ಪಾದ ಇಲ್ಲಿ. ಆಮೇಲೆ ಸಣ್ಣ ಉಳಿ, ಆಮೇಲೆ ಉಜ್ಜುವುದು. ಕಣ್ಣು ತೆರೆಯಿಸುವ ನೇತ್ರೋನ್ಮೀಲನ ಎಲ್ಲಕ್ಕೂ ಕೊನೆಗೆ. ಮುಂಡವೇ ಮೂಡದ ಕಲ್ಲಿನಲ್ಲಿ ಕಣ್ಣು ಬಿಡಿಸಲು ಹೋಗುವ ಶಿಲ್ಪಿಯನ್ನು ನಾವು ಹುಚ್ಚನೆನ್ನುತ್ತೇವೆ. ಮನೆಯಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಮಗುವಿಗೆ ಮೊದಲು ಬೇಕಾದದ್ದು ಕನ್ನಡದಲ್ಲಿ ಅಳುವ, ನಗುವ, ಜಗಳವಾಡುವ, ಅಜ್ಜನನ್ನು ಪ್ರಶ್ನೆ ಕೇಳುವ ಧೈರ್ಯ. ಆ ಮುಂಡ ಮೂಡಿದ ಮೇಲೆ ‘ಳ’ಕಾರಕ್ಕೆ ಹೊತ್ತಿದೆ. ಇನ್ನೂ ಒಂದು ಮಾತು: ಕಲ್ಲಿನ ಕೆಲಸದಲ್ಲಿ ತೆಗೆಯಬಹುದೇ ಹೊರತು ಸೇರಿಸಲಾಗದು. ಒಂದು ಪೆಟ್ಟು ಹೆಚ್ಚಾಯಿತೋ, ಹಾರಿಹೋದ ಚೂರನ್ನು ಮತ್ತೆ ಅಂಟಿಸುವ ವಿದ್ಯೆ ಯಾರಿಗೂ ಬಾರದು. ಮಗುವಿನ ಮನಸ್ಸೂ ಹೆಚ್ಚುಕಡಿಮೆ ಹಾಗೆಯೇ.

ಬೆರಕೆಯ ಭಯವೂ ಅಷ್ಟೊಂದು ಬೇಡ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವೇ ಕನ್ನಡದ ದೇಸಿ ಬಗೆಗಳು ಲೆಕ್ಕಕ್ಕೆ ಸಿಗದಷ್ಟೆಂದು ಒಪ್ಪಿಕೊಂಡಿದೆ. ಬೇಂದ್ರೆಯವರ ಮನೆಮಾತು ಮರಾಠಿ. ಅವರು 1918ರಲ್ಲಿ ಬಿ.ಎ. ಮುಗಿಸಿದ್ದು ನಮ್ಮ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಧಾರವಾಡದ ಆಡುಮಾತನ್ನು ಕಾವ್ಯಕ್ಕೆ ತಂದು, 1973ರ ಜ್ಞಾನಪೀಠದವರೆಗೆ ಅದನ್ನು ಕರೆದೊಯ್ದವರು ಅವರು. ಅವರ ಆಡುಮಾತು ಕೆತ್ತದೆ ಬಿಟ್ಟ ಮಾತಲ್ಲವೆಂಬುದೂ ನಿಜ. ಹತ್ತಾರು ಸಲ ತಿದ್ದಿದ ಕೈಚಳಕ ಅದರಲ್ಲಿದೆ. ಆದರೆ ಮನೆಯಲ್ಲಿ ಬೇರೊಂದು ಭಾಷೆ ಆಡುವ ಹುಡುಗನ ಮೊದಲ ತೊದಲನ್ನು ಯಾರಾದರೂ ನನ್ನಂತೆ ಅಲ್ಲಲ್ಲೇ ಕತ್ತರಿಸಿ ಹಾಕಿದ್ದರೆ ಮುಂದಿನ ಕತೆ ಏನಾಗುತ್ತಿತ್ತೋ!

ಇಲ್ಲಿ ನಮ್ಮದೇ ಇನ್ನೊಂದು ಒರಟುತನವನ್ನು ಒಪ್ಪಿಕೊಳ್ಳಬೇಕು. ಈ ಊರಿನಲ್ಲಿ ಏಳುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿರುವ ಕೂಲಿಕಾರರಲ್ಲಿ ಎಷ್ಟೋ ಜನ ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯವರು. ಅವರ ಮಕ್ಕಳು ಮರಳಿನ ರಾಶಿಯ ಮೇಲೆ ಆಡುತ್ತ ಕೂಗಾಡುವುದು ಕನ್ನಡದಲ್ಲಿ, ಯಾರ ತಿದ್ದುಪಡಿಯೂ ಇಲ್ಲದೆ. ನಾವು ದಾರಿಯಲ್ಲಿ ಅದನ್ನು ಕೇಳಿ ‘ಅಬ್ಬಾ, ಎಂಥ ಒರಟು ಕನ್ನಡ’ ಎಂದು ನಕ್ಕು ಮುಂದೆ ಹೋಗುತ್ತೇವೆ. ಆಮೇಲೆ ಸಭೆಯಲ್ಲಿ ಕುಳಿತು, ಪುಣೆಯಲ್ಲಿ ಕನ್ನಡ ಉಳಿಯುವುದು ಹೇಗೆಂದು ಚರ್ಚಿಸುತ್ತೇವೆ. ಕಲ್ಲು ಹೊರುವವರ ಮಾತನ್ನು ಒರಟೆಂದು ಹೊರಗಿಟ್ಟು ನಾವು ಉಳಿಸಹೊರಟಿರುವುದು ಯಾವ ಕನ್ನಡವನ್ನು? ನಮ್ಮಲ್ಲಿ ಅನೇಕರ ಅಜ್ಜಂದಿರು ಈ ಊರಿಗೆ ಬಂದದ್ದು ಖಡಕಿಯ ಕಾರ್ಖಾನೆಯ ಕೂಲಿಗೆ, ರೈಲ್ವೆಯ ಸಣ್ಣ ಕೆಲಸಕ್ಕೆ, ಹೋಟೆಲಿನ ಒಲೆಯ ಮುಂದೆ. ಅವರು ದೊರಗಾಗಿ ಕಡಿದಿಟ್ಟ ಬದುಕಿನ ಮೇಲೆ ನಾವು ರಂಧಾ ಹಾಕಿ ನುಣುಪು ಮಾಡಿಕೊಂಡಿದ್ದೇವೆ. ನುಣುಪು ನಮ್ಮದು, ತೊಲೆ ಅವರದು.

ಹಾಗಾದರೆ ಉಳಿಯನ್ನು ಎಲ್ಲಿ ನಿಲ್ಲಿಸಬೇಕು? ನನಗೆ ತೋರುವ ಉತ್ತರ ಇಷ್ಟು. ಕಲ್ಲು ಇನ್ನೊಂದು ಕಲ್ಲಿನ ಪಕ್ಕದಲ್ಲಿ ಅಲುಗದೆ ಕೂಡುವಷ್ಟು, ಭಾರ ಹೊರುವಷ್ಟು ಕೆತ್ತುವುದು ನಮ್ಮ ಹೊಣೆ. ಸುಳ್ಳು ಹೇಳಬಾರದು, ಹಿರಿಯರನ್ನು ಹೀಗಳೆಯಬಾರದು, ದುಡಿದು ಉಣ್ಣಬೇಕು, ಮನೆಯ ಮಾತನ್ನು ಮರೆಯಬಾರದು, ಇಂಥ ನಾಲ್ಕು ಮುಖಗಳನ್ನು ಮಟ್ಟಸ ಮಾಡಿಕೊಟ್ಟರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಇಷ್ಟನ್ನೂ ಮಾಡದೆ ಬಿಟ್ಟರೆ ಕರ್ತವ್ಯಭ್ರಷ್ಟರಾದೇವು. ಅದರಾಚೆಯ ನುಣುಪು ಅವರ ಕೈಗೆ, ಕಾಲದ ಕೈಗೆ, ದೈವವನ್ನು ನಂಬುವವರಾದರೆ ದೈವದ ಕೈಗೆ ಬಿಟ್ಟದ್ದು. ಮಕ್ಕಳು ಒಣಗಿ ಗಟ್ಟಿಯಾಗಬೇಕಾದ ಹಸಿಮರ. ತುಸು ದಪ್ಪ ಉಳಿಸುವುದೇ ಜಾಣತನ. ಕನ್ನಡದಲ್ಲಿ ‘ಉಳಿ’ ಎಂದರೆ ಕೆತ್ತುವ ಸಾಧನವೂ ಹೌದು, ಇಲ್ಲೇ ಇರು ಎನ್ನುವ ಮಾತೂ ಹೌದು. ಮೊದಲನೆಯದರ ಭರದಲ್ಲಿ ಎರಡನೆಯದನ್ನು ಕಳೆದುಕೊಳ್ಳಬಾರದು.

ಮುಂದಿನ ವಾರ ಮೊಮ್ಮಗಳನ್ನು ಮತ್ತೆ ಪಾತಾಳೇಶ್ವರಕ್ಕೆ ಕರೆದುಕೊಂಡು ಹೋದೆ. ಅದೇ ಕಂಬದ ಹತ್ತಿರ ನಿಂತು ನಾನಾಗಿಯೇ ಹೇಳಿದೆ: “ಅವತ್ತು ನೀ ಕೇಳಿದ್ದಿ ನೋಡು, ಈ ಗುಡಿ ಅರ್ಧವಟ ಯಾಕ ಬಿಟ್ಟಾರ ಅಂತ. ಹಿಂದಿನ ಬಂಡಿಯೊಳಗ ಬಿರುಕು ಬಿಟ್ಟಿತ್ತಂತ. ಇನ್ನೂ ಕೆತ್ತಿದ್ರ ಎಲ್ಲಾ ಬೀಳತಿತ್ತೋ ಏನೋ. ಅದಕ್ಕ ನಿಲ್ಲಿಸ್ಯಾರ.”

ಅವಳು ಒಂದು ಕ್ಷಣ ಯೋಚಿಸಿ, ಕಂಬದ ಗೀರುಗಳ ಮೇಲೆ ಬೆರಳಾಡಿಸಿ ಕೇಳಿದಳು: “ಅಂದ್ರ ಅವರು ಶಾಣ್ಯಾ ಇದ್ರು, ಹೌದಲ್ಲ ಅಜ್ಜಾ?”

“ಹೌದವಾ, ಶಾಣ್ಯಾ ಇದ್ರು” ಎಂದೆ. ಬೇರೇನನ್ನೂ ತಿದ್ದಲಿಲ್ಲ. ಮನೆ ಬರುವವರೆಗೆ ಅವಳು ಕನ್ನಡದಲ್ಲೇ ಪ್ರಶ್ನೆಗಳ ಮೇಲೆ ಪ್ರಶ್ನೆ ಕೇಳುತ್ತ ಬಂದಳು.